ಬೆಳದಿಂಗಳ ಬಿದಿರು

“ಹುಣ್ಣಿಮೆ ಎದುರಿಗೆ ಬಿದಿರು ಕಡೀರಿ ಅಂತ ಯಾವ ದೇವ್ರು ಬರ್ದಾನಪ್ಪ ಇದನ್ನ?”

ವರದಮ್ಮ ಯಾರನ್ನೂ ಕೇಳಿದ್ದಲ್ಲ. ಕಲ್ಲುಗುಡ್ಡೆಯ ಅರಣ್ಯ ಆಫೀಸಿನ ಮೆಟ್ಟಿಲ ಕೆಳಗೆ ಬಿಸಿಲಲ್ಲಿ ಒಬ್ಬಳೇ ನಿಂತಿದ್ದಳು. ಕೈಯಲ್ಲಿ ಪರ್ಮಿಟ್ಟಿನ ಚೀಟಿ. ಅವಳಿಗೆ ಓದು ಬಾರದು. ಗುಮಾಸ್ತ ರಾಜಪ್ಪ ಕಿಟಕಿಯೊಳಗಿಂದಲೇ ಓದಿ ಹೇಳಿದ್ದ. ನವೆಂಬರ್ ಹತ್ತೊಂಬತ್ತರಿಂದ ಇಪ್ಪತ್ತಾರು. ಅರವತ್ತು ಬಿದಿರು ಗಳ. ಅವಳು ಬೆರಳು ಮಡಿಸಿ ಎಣಿಸಿದಳು. ಅಷ್ಟಮಿಯಿಂದ ಕಾರ್ತೀಕದ ಹುಣ್ಣಿಮೆ. ಎಂಟಕ್ಕೆ ಎಂಟೂ ಬೆಳದಿಂಗಳ ದಿನ.

ಮೇದಾರರು ಬೆಳದಿಂಗಳಲ್ಲಿ ಬಿದಿರು ಮುಟ್ಟುವುದಿಲ್ಲ. ಚಂದ್ರ ಬೆಳೆಯುವಾಗ ಬಿದಿರಿಗೆ ನೀರೇರುತ್ತದೆ. ನೀರಿನ ಜೊತೆ ಸಿಹಿ ಏರುತ್ತದೆ. ಸಿಹಿಗೆ ಕುಟ್ಟೆ ಹುಳ ಬರುತ್ತದೆ. ಕತ್ತಲ ಪಕ್ಷದಲ್ಲಿ, ಅಮಾವಾಸ್ಯೆಯ ಎದುರಿಗೆ ಕಡಿದ ಬಿದಿರು ಇಪ್ಪತ್ತು ವರ್ಷ ಬಾಳುತ್ತದೆ. ಬೆಳದಿಂಗಳಲ್ಲಿ ಕಡಿದದ್ದು ಮೂರು ತಿಂಗಳಿಗೆ ಹಿಟ್ಟಾಗುತ್ತದೆ. ಶಿಕಾರಿಪುರದ ಮೇದಾರ ಕೇರಿಯಲ್ಲಿ ಮಾತು ಬಂದ ಕೂಸಿಗೂ ಇದು ಗೊತ್ತು.

ಅವಳು ಮತ್ತೆ ಕಿಟಕಿಯ ಹತ್ತಿರ ಹೋದಳು. ಮೇದಾರರು ಮೆಟ್ಟಿಲು ಹತ್ತುವಂತಿರಲಿಲ್ಲ. ಕೆಳಗೆ ನಿಂತೇ ಕತ್ತೆತ್ತಿದಳು.

“ಸ್ವಾಮಿ, ಹತ್ತು ದಿನ ಮುಂದಕ್ಕೆ ಹಾಕ್ಕೊಡ್ರಿ. ಕತ್ತಲ ಪಕ್ಷಕ್ಕೆ.”

“ಏನು?”

“ಬೆಳದಿಂಗಳಲ್ಲಿ ಕಡಿದ್ರೆ ಹುಳ ಬೀಳ್ತಾವೆ ಸ್ವಾಮಿ. ಕಣಜಕ್ಕೆ ಬೇಕಾಗಿರೋದು. ಗೌಡ್ರು ಭತ್ತ ತುಂಬೋದು ಅದ್ರಾಗೆ.”

ರಾಜಪ್ಪ ಪೆನ್ನು ಕೆಳಗಿಟ್ಟು ನಕ್ಕ. ಪಕ್ಕದ ಮೇಜಿನವನಿಗೂ ಹೇಳಿ ನಗಿಸಿದ.

“ಸರ್ಕಾರಕ್ಕೆ ಅಮಾಸಿ ಹುಣ್ಮಿ ಇಲ್ಲಮ್ಮ. ಸರ್ಕಾರಕ್ಕೆ ತಾರೀಖು ಐತೆ. ಕತ್ತಲು ಬೇಕಂದ್ರೆ ಹೋಗಿ ಆ ಚಂದ್ರನಿಗೆ ಅರ್ಜಿ ಹಾಕು.”

“ಸಾಹೇಬ್ರಿಗೆ ಒಂದು ಮಾತು ಹೇಳ್ರಿ.”

“ಸಾಹೇಬ್ರೇ ಮಾಡಿರೋ ಆರ್ಡರು. ಮೇದಾರ್ರಿಗೆಲ್ಲ ಈ ದಿನಗಳೇ. ಬೇಡಾಂದ್ರೆ ಚೀಟಿ ಇಲ್ಲಿಡು, ಹೋಗು.”

ಅವಳು ಚೀಟಿ ಇಡಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡಳು.

ಆ ಚೀಟಿ ಬಂದದ್ದು ಶ್ರಾವಣದಲ್ಲಿ ಕೊಟ್ಟ ಅರ್ಜಿಗೆ. ಮೊದಲು ಅವಳು ಮೇದಾರಳು ಹೌದೆಂದು ಶಾನುಭೋಗರು ಬರೆದುಕೊಡಬೇಕು. ಅವರ ಮನೆಯ ಮೊರ, ಬುಟ್ಟಿ, ಕೋಳಿಗೂಡು ಎಲ್ಲ ಅವಳ ಮಾವ ಉಚ್ಚಂಗಪ್ಪ ಹೆಣೆದದ್ದು. ಆದರೂ ನಾಲ್ಕು ಸಲ ಅಲೆಸಿದರು. ಆಮೇಲೆ ತಾಲ್ಲೂಕು ಕಚೇರಿಯ ಮೊಹರು. ಆಮೇಲೆ ಮಾರಲಿಕ್ಕೆ ಪಂಚಾಯಿತಿಯ ಲೈಸೆನ್ಸು. ಆಮೇಲೆ ಕಡಿಯಲಿಕ್ಕೆ ಪರ್ಮಿಟ್ಟು. ಕಡಿದದ್ದನ್ನು ಸಾಗಿಸಲಿಕ್ಕೆ ಪಾಸು ಬೇರೆ. ಒಂದಿದ್ದರೆ ಇನ್ನೊಂದಿಲ್ಲ. ಶಿಕಾರಿಪುರದಿಂದ ಸೊರಬದ ಸೀಮೆಯ ಕಲ್ಲುಗುಡ್ಡೆಗೆ ಅವಳು ಏಳು ಸಲ ನಡೆದಳು. ನಡೆದ ದಿನ ಹೆಣಿಗೆ ಇಲ್ಲ. ಹೆಣಿಗೆ ಇಲ್ಲದ ದಿನ ಒಲೆ ಇಲ್ಲ.

ಪರ್ಮಿಟ್ಟಿಲ್ಲದೆ ಕಡಿಯುವ ಮಾತು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಎರಡು ವರ್ಷದ ಕೆಳಗೆ ಅವಳ ಗಂಡ ಉಜ್ಜಪ್ಪ ಆಡಿದ್ದ. ಆಡಿ, ಮಾಡಿಯೂ ಇದ್ದ. ಅಮಾವಾಸ್ಯೆಯ ಎದುರಿಗೆ ಹೋಗಿ ಹನ್ನೆರಡು ಗಳ ಕಡಿದ. ಗಾರ್ಡುಗಳು ಹಿಡಿದರು. ಅವನು ಕಡಿದ ಬಿದಿರಿನಿಂದಲೇ ಅವನನ್ನು ಹೊಡೆದರು. ಮೂರು ದಿನ ಕೂಡಿಹಾಕಿ ಬಿಟ್ಟರು. ಬಲಗಡೆಯ ಹೆಗಲು ಇಳಿದುಹೋಗಿತ್ತು. ಆವತ್ತಿನಿಂದ ಅವನು ಕೂತು ಹೆಣೆಯಬಲ್ಲ. ಮಚ್ಚು ಎತ್ತಲಾರ. ಕಡಿಯುವ ಕೆಲಸ ವರದಮ್ಮನ ಪಾಲಿಗೆ ಬಂತು.

ಅವಳು ಮನೆಗೆ ಬಂದು ಚೀಟಿ ತೋರಿಸಿದಾಗ ಉಜ್ಜಪ್ಪ ಅದನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. ಅತ್ತೆ ಹುಚ್ಚಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವಳು ಗೋಡೆಗೊರಗಿ, ಬಿದಿರಿನ ಸೀಳುಗಳನ್ನು ಬೆರಳಿಂದ ಸವರಿ ನೋಡುತ್ತ, ಬೆಳಗಿನಿಂದ ಶಿವನ ಪದ ಹೇಳಿಕೊಳ್ಳುವ ಮುದುಕಿ.

“ಎಂದು ಕಡಿಬೇಕಂತೆ?” ಅಂದಳು.

ವರದಮ್ಮ ಹೇಳಿದಳು.

“ಬ್ಯಾಡ ಹುಡ್ಗಿ.”

“ಆನಂದಪ್ಪಗೌಡ್ರಿಗೆ ಒಪ್ಕೊಂಡೀವಲ್ಲ ಅತ್ತೆ.”

“ಅದಕ್ಕೇ ಬ್ಯಾಡ ಅಂದೆ.”

“ಮತ್ತೆ ಏನು ತಿನ್ನೋದು?”

ಮುದುಕಿ ಮುಖ ಆ ಕಡೆ ತಿರುಗಿಸಿದಳು. ಆ ದಿನ ಪೂರ್ತಿ ಪದ ಹೇಳಲಿಲ್ಲ.

ಮೆಳೆಯೊಳಗೆ ಬಿದಿರು ಮುಳ್ಳು ಹೊದ್ದು ನಿಂತಿತ್ತು. ವರದಮ್ಮ ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದಳು. ಬುಡಕ್ಕೆ ಮಚ್ಚು ಹಾಕಿದಳು. ಮೊದಲ ಏಟಿಗೇ ಗಾಯದಿಂದ ನೀರು ಜಿನುಗಿತು. ಬೆರಳಿಗೆ ಅಂಟಿತು. ಅವಳು ನಾಲಿಗೆಗೆ ಹಚ್ಚಿ ನೋಡಿದಳು. ಸಿಹಿ. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅರವತ್ತು ಗಳ ಕಡಿದಳು. ಒಂದೊಂದನ್ನೂ ಬುಡ ಹಿಡಿದು ಎಳೆದು ರಸ್ತೆಗೆ ತಂದಳು. ಮೊಣಕೈಯಿಂದ ಅಂಗೈವರೆಗೆ ಚರ್ಮ ಸೀಳು ಸೀಳಾಯಿತು. ಎಂಟನೆಯ ದಿನ ಆನವಟ್ಟಿಯಿಂದ ಆನಂದಪ್ಪನ ಗಾಡಿ ಬಂತು. ಹೇರಿ ಮುಗಿಸುವಾಗ ಹೊತ್ತು ಇಳಿದಿತ್ತು.

ಅರಣ್ಯದ ಗೇಟಿನಲ್ಲಿ ಗಾರ್ಡು ಶೇಷಪ್ಪ ಗಾಡಿಗೆ ಕೈಯಡ್ಡ ಹಾಕಿದ.

“ಸೂರ್ಯ ಮುಳುಗಿದ ಮೇಲೆ ಗಾಡಿ ದಾಟೂ ಹಾಂಗಿಲ್ಲ. ರೂಲ್ಸು ಉಂಟು.”

“ಅಕಾ ನೋಡ್ರಿ ಸ್ವಾಮಿ, ಕೆಂಪು ಇನ್ನೂ ಐತೆ.”

“ಕೆಂಪು ಇದ್ರೆ ಏನಾತು ಮಾರಾಯ್ತಿ? ಸೂರ್ಯ ಎಲ್ಲುಂಟು ತೋರ್ಸು.”

ಗಾಡಿಯವನು ಎತ್ತು ಬಿಚ್ಚಿಕೊಂಡು ಹೋದ. ವರದಮ್ಮ ಗಾಡಿಯ ಕೆಳಗೆ ಕೂತಳು. ಬೆಳಗಾಯಿತು. ಶೇಷಪ್ಪ ಹಲ್ಲುಜ್ಜುತ್ತ ಬಂದು ಪಾಸು ನೋಡಿದ. ಪಾಸು ಹಿಂದಿನ ದಿನಕ್ಕೇ ಮುಗಿದಿತ್ತು.

“ಈಗ ಇದು ಕದ್ದ ಮಾಲು” ಅಂದ.

ಅವಳು ಮಣ್ಣಿಗೆ ಹಣೆ ಹಚ್ಚಿದಳು. ಅವನು ಅವಳ ತಲೆಯ ಮೇಲಿಂದ ತನ್ನ ಮನೆಯ ಹಿತ್ತಲು ನೋಡುತ್ತಿದ್ದ. ಬೇಲಿ ಮುರಿದಿತ್ತು. ದನ ನುಗ್ಗಿ ತೊಂಡೆಬಳ್ಳಿ ತಿಂದಿದ್ದವು.

“ತಟ್ಟಿ ಹೆಣೀತೀಯಲ್ಲ ನೀನು?” ಅಂದ.

ಅವಳು ಎರಡು ದಿನ ಅವನ ಹಿತ್ತಲಲ್ಲಿ ಕೂತು ತಟ್ಟಿ ಹೆಣೆದಳು. ಬಿದಿರು ಅವಳದೇ. ಅರವತ್ತರಲ್ಲಿ ಹದಿನಾಲ್ಕು ಬೇಲಿಗೆ ಹೋಯಿತು. ಶೇಷಪ್ಪನ ಹೆಂಡತಿ ಮಧ್ಯಾಹ್ನ ಒಂದು ಸಲ ಗಂಜಿ ತಂದು ತೆಂಗಿನ ಚಿಪ್ಪಿಗೆ ದೂರದಿಂದ ಸುರಿದಳು. “ಕೈಯಲ್ಲಿ ನೆತ್ತರು ಬರ್ತಿದ್ಯಲ್ಲೇ, ತಟ್ಟಿಗೆ ಹತ್ತೀತು” ಅಂದಳು. ಎರಡನೆಯ ದಿನ ಸಂಜೆ ಶೇಷಪ್ಪ ಹಳೆಯ ಪಾಸಿನ ಮೇಲೆ ಹೊಸ ತಾರೀಖು ತಿದ್ದಿ ಕೊಟ್ಟ. ಹಾಗೆ ತಿದ್ದುವುದು ಅವನಿಗೆ ಮೊದಲ ದಿನವೂ ಬರುತ್ತಿತ್ತು.

ಕಣಜವನ್ನು ಮನೆಯಲ್ಲಿ ಹೆಣೆದು ಒಯ್ಯಲಾಗುವುದಿಲ್ಲ. ಆಳೆತ್ತರಕ್ಕಿಂತ ದೊಡ್ಡದು. ಯಾರ ಭತ್ತವೋ ಅವರ ಕಣದಲ್ಲೇ ಕೂತು ಹೆಣೆಯಬೇಕು. ವರದಮ್ಮ, ಉಜ್ಜಪ್ಪ ಆನವಟ್ಟಿಗೆ ಹೋಗಿ ಹನ್ನೊಂದು ದಿನ ಕೂತರು. ಅವಳು ಸೀಳಿ ಕೊಟ್ಟಳು, ಅವನು ಒಂದು ಹೆಗಲಲ್ಲೇ ಹೆಣೆದ. ಆನಂದಪ್ಪ ಕೆಟ್ಟವನಲ್ಲ. ದಿನಾ ಬಂದು ಎರಡು ಮಾತಾಡುತ್ತಿದ್ದ.

“ಉಜ್ಜಪ್ಪ, ನಿಮ್ಮಪ್ಪ ಕಟ್ಟಿದ ಕಣಜ ನಮ್ಮಪ್ಪ ಸತ್ತ ಮೇಲೂ ಇತ್ತು ಕಣೋ. ಹಳೇದಾತು ಅಂತ ಸುಟ್ಟೆ, ಸುಡೋಕೂ ಒಂದು ದಿನ ಹಿಡೀತು.”

ಉಜ್ಜಪ್ಪ ತಲೆ ಎತ್ತಲಿಲ್ಲ. ಹೇಳು, ಹೇಳಿಬಿಡು ಎಂದು ವರದಮ್ಮನ ಒಳಗೆ ಒಂದು ದನಿ ಕೂಗುತ್ತಿತ್ತು. ಹೇಳಿದರೆ ಬಿದಿರು ಹೊರಗೆ ಬೀಳುತ್ತಿತ್ತು, ಅವರೂ ಬೀಳುತ್ತಿದ್ದರು. ಎರಡು ಪಾಲು ಹೆಚ್ಚು ಸಗಣಿ ಮೆತ್ತಿದಳು. ಬೇವಿನ ಸೊಪ್ಪು ಅರೆದು ಹಚ್ಚಿದಳು.

ಕಣಜ ಮುಗಿದ ದಿನ ಹೆಣೆದ ಮನೆಯ ಹೆಂಗಸು ಮೊದಲ ಹಿಡಿ ಭತ್ತ ಅದರೊಳಗೆ ಹಾಕಬೇಕು. ಹಾಕಿ, ತುಂಬಲಿ, ತುಳುಕಲಿ, ಹುಳ ಮುಟ್ಟದಿರಲಿ ಅನ್ನಬೇಕು. ಆ ದಿನ ಮಾತ್ರ ಮೇದಾರರ ಕೈ ಗೌಡರ ಭತ್ತ ಮುಟ್ಟಬಹುದು. ವರದಮ್ಮ ಹಿಡಿ ತುಂಬಿಕೊಂಡಳು. ತುಂಬಲಿ ಅಂದಳು. ತುಳುಕಲಿ ಅಂದಳು. ಮೂರನೆಯ ಮಾತು ಆಡದೆ ಹಿಡಿ ಸಡಿಲಿಸಿ ಭತ್ತ ಒಳಗೆ ಬಿಟ್ಟಳು. ಆನಂದಪ್ಪನ ತಾಯಿ ತುಂಗಮ್ಮ ಕಾಯುತ್ತ ನಿಂತಿದ್ದಳು.

“ಹೇಳೇ, ಪೂರ್ತಿ ಹೇಳು.”

ಅವಳು ಹೇಳಿದಳು. ದೇವರ ಎದುರಿಗೆ ಸುಳ್ಳು ಹೇಳಿದ ಹಾಗಾಯಿತು.

ಉಳಿದ ಎಂಟು ಗಳ ಮನೆಗೆ ತಂದಿದ್ದರು. ಬುಟ್ಟಿಗೆ ಬರಲಿ ಎಂದು ಅಟ್ಟದ ಕೆಳಗೆ ಒರಗಿಸಿದ್ದರು. ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಹುಚ್ಚಮ್ಮ ಒಂದು ಮಧ್ಯಾಹ್ನ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು. ಗೋಡೆ ಹಿಡಿದು ಹೋಗಿ ಬಿದಿರಿಗೆ ಕಿವಿ ಇಟ್ಟಳು.

“ಬಂದ್ವು” ಅಂದಳು.

ಕಿರ್. ಕಿರ್. ಕಿರ್. ಹಲ್ಲು ಕಡಿದಂಥ ಸಣ್ಣ ಸದ್ದು. ಆಮೇಲೆ ಅದು ನಿಲ್ಲಲೇ ಇಲ್ಲ. ಉಣ್ಣುವಾಗ ಕೇಳುತ್ತಿತ್ತು. ನೀರು ಕುಡಿಯುವಾಗ ಕೇಳುತ್ತಿತ್ತು. ಬೆಳಗ್ಗೆ ಗುಡಿಸಿದ ನೆಲದ ಮೇಲೆ ಸಂಜೆಗೆ ಹಳದಿ ಹಿಟ್ಟಿನ ಸಣ್ಣ ಸಣ್ಣ ಗುಪ್ಪೆ. ವರದಮ್ಮ ಗುಡಿಸುತ್ತಿದ್ದಳು. ಮತ್ತೆ ಬೀಳುತ್ತಿತ್ತು. ಇಲ್ಲಿ ಎಂಟು ಗಳ ಇಷ್ಟು ಉದುರಿದರೆ ಆನವಟ್ಟಿಯಲ್ಲಿ ಎಷ್ಟು ಉದುರುತ್ತಿದೆ ಎಂದು ಮೂವರೂ ಯೋಚಿಸುತ್ತಿದ್ದರು. ಯಾರೂ ಹೇಳುತ್ತಿರಲಿಲ್ಲ. ಹೊರಗೆ ಯಾರಾದರೂ ಹೆಜ್ಜೆ ಹಾಕಿದರೆ ಉಜ್ಜಪ್ಪನ ಕೈಯ ಸೀಳು ನಿಲ್ಲುತ್ತಿತ್ತು.

ಮಾಘ ಕಳೆಯುವಾಗ ಆನಂದಪ್ಪನ ಆಳು ಬಂದ. ಒಳಗೆ ಬರಲಿಲ್ಲ, ಕೂರಲಿಲ್ಲ. “ಗೌಡ್ರು ಕರೀತಾರೆ. ಮೊರ ತಗಂಡು ಬಾ” ಅಂದ.

ಕಣಜದ ಹೊಟ್ಟೆ ಒಡೆದಿತ್ತು. ಸಗಣಿಯ ಹೆಪ್ಪು ಮಾತ್ರ ನಿಂತಿತ್ತು, ಒಳಗಿನ ಬಿದಿರು ಇರಲಿಲ್ಲ. ಕೈ ಇಟ್ಟರೆ ಬೆರಳು ಒಳಗೆ ಹೋಗುತ್ತಿತ್ತು. ಭತ್ತ ಅಂಗಳಕ್ಕೆ ಹರಿದಿತ್ತು. ಭತ್ತದ ತುಂಬ ಹಳದಿ ಹಿಟ್ಟು, ಹಿಟ್ಟಿನ ತುಂಬ ಕಪ್ಪು ಹುಳ. ಆಳುಗಳು ಸುತ್ತ ನಿಂತಿದ್ದರು. ತುಂಗಮ್ಮ ಜಗಲಿಯ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು.

“ನಿನ್ನ ಕೈಯಾರೆ ಹಿಡಿ ಹಾಕಿದ್ಯಲ್ಲೇ” ಅಂದಳು. “ಬಾಯಲ್ಲಿ ಆ ಮಾತು ಹ್ಯಾಂಗೆ ಬಂತು ನಿಂಗೆ?”

ವರದಮ್ಮ ಕೈ ಮುಗಿದಳು. “ಬೆಳದಿಂಗಳಲ್ಲೇ ಕಡೀಬೇಕು ಅಂತ ಪರ್ಮಿಟ್ಟು ಕೊಟ್ರು ಅವ್ವಾರೆ. ಎಷ್ಟು ಕೇಳ್ಕೊಂಡೆ, ಬದಲು ಮಾಡ್ಲಿಲ್ಲ.”

“ಗೊತ್ತಿದ್ದೂ ಹೆಣೆದ್ಯಾ ಹಂಗಾದ್ರೆ?” ಅಂದ ಆನಂದಪ್ಪ.

ವರದಮ್ಮ ತಂದಿದ್ದ ಮೊರ ಕೈಗೆತ್ತಿಕೊಂಡಳು.

“ಹುಳಾನೂ ಸರ್ಕಾರದ್ದೇ ಅನ್ನು” ಎಂದ ಒಬ್ಬ ಆಳು. ಎಲ್ಲರೂ ನಕ್ಕರು. ಆನಂದಪ್ಪ ನಗಲಿಲ್ಲ.

“ಬೀಜದ ಭತ್ತ ಕಣೇ ಅದು. ಇಷ್ಟನ್ನೂ ಕೇರಿ ಹಸನು ಮಾಡಿ ಹೋಗು. ಉಗಾದಿ ಒಳಗೆ ಸರಿಯಾದ ಕಣಜ ಕಟ್ಟಿಕೊಡು. ಇಲ್ಲಾಂದ್ರೆ ಆನವಟ್ಟಿಯಿಂದ ಶಿಕಾರಿಪುರದ ತನಕ ಯಾವ ಕಣದಾಗೂ ನಿಮ್ಮನ್ನ ಕೂರ್ಸಲ್ಲ. ನಾನೇ ಸಂತೇಲಿ ನಿಂತು ಹೇಳ್ತೀನಿ.”

ಐದು ದಿನ ಅವಳು ಬಗ್ಗಿ ಭತ್ತ ಕೇರಿದಳು. ಹಿಟ್ಟು ಹಾರಿ ಕಣ್ಣಿಗೆ ಬಿತ್ತು, ಮೂಗಿಗೆ ಹೋಯಿತು, ಉಗುಳಿದರೆ ಹಳದಿ ಬಂತು. ಸೊಂಟ ನೆಟ್ಟಗಾಗಲಿಲ್ಲ. ಸಂತೆಗೆ ಹೋಗುವ ಜನ ದಾರಿಯಲ್ಲಿ ನಿಂತು ನೋಡಿ ಹೋದರು. ಆನಂದಪ್ಪ ಸಂತೆಯಲ್ಲಿ ನಿಂತು ಹೇಳುವುದು ಬೇಕಾಗಲಿಲ್ಲ. ಆ ವಾರ ಅವಳ ಬುಟ್ಟಿಗಳನ್ನು ಜನ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕೆಳಗಿಟ್ಟು ಹೋದರು.

ಈಗ ಒಂದೇ ದಾರಿ ಇತ್ತು. ಉಗಾದಿಯ ಮೊದಲು ಒಂದೇ ಕತ್ತಲ ಪಕ್ಷ ಉಳಿದಿತ್ತು. ಆ ದಿನಗಳಿಗೆ ಪರ್ಮಿಟ್ಟು ಸಿಗಬೇಕು. ಸಿಕ್ಕರೆ ಕಣಜ, ಕಣಜವಾದರೆ ಕಸುಬು. ಸಿಗದಿದ್ದರೆ ಆ ಮನೆಯವರು ಮೇದಾರರೆಂದು ಯಾವ ಶಾನುಭೋಗ ಬರೆದುಕೊಟ್ಟರೂ ಪ್ರಯೋಜನವಿಲ್ಲ.

ವರದಮ್ಮ ಅರ್ಜಿ ಬರೆಸಿಕೊಂಡು ಕಲ್ಲುಗುಡ್ಡೆಗೆ ಹೋದಳು. ರಾಜಪ್ಪ ತೆಗೆದುಕೊಂಡ, ನಗಲಿಲ್ಲ. “ನಾಳೆ ಬಾ” ಅಂದ. ನಾಳೆ ಬಂದಳು. “ನಾಡಿದ್ದು” ಅಂದ. ಅವಳು ಊರಿಗೆ ಹೋಗಲಿಲ್ಲ. ಆಫೀಸಿನ ಹುಣಸೆಮರದ ಕೆಳಗೇ ಕೂತಳು. ನಾಲ್ಕನೆಯ ದಿನ ಶೇಷಪ್ಪ ಬಂದು ಕರೆದ.

“ಬಾ ಮಾರಾಯ್ತಿ. ಸಾಹೇಬ್ರು ಒಳಗೆ ಬರೂಕೆ ಹೇಳಿದ್ದಾರೆ.”

“ಒಳಗಾ?”

“ಹೌದು. ನಿನ್ನ ನಸೀಬು ತೆರೀತು.”

ಅವಳು ಮೊದಲ ಸಲ ಆ ಮೆಟ್ಟಿಲು ಹತ್ತಿದಳು. ಎಡವಿದಳು. ರೇಂಜರ್ ಸಾಹೇಬರು ಘಟ್ಟದ ಕೆಳಗಿನವರು. ಮೆಲ್ಲಗೆ ಮಾತಾಡುವವರು. ಹಣೆಯಲ್ಲಿ ಗಂಧ ಇತ್ತು. ಮೇಜಿನ ಮೇಲೆ ಅವಳ ಅರ್ಜಿ ಇತ್ತು.

“ನೀನೇ ಏನಮ್ಮ ಉಚ್ಚಂಗಪ್ಪನ ಸೊಸೆ? ನಿಮ್ಮ ಮನೆಯ ಹೆಣಿಗೆ ಈ ಸೀಮೆಗೆಲ್ಲ ಚೆಂದ ಅಂತಾರೆ.”

ಅವಳು ಕೈ ಮುಗಿದಳು.

“ನನ್ನ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಗಂಡು ಮಗು. ಬರುವ ತಿಂಗಳು ತೊಟ್ಟಿಲಿಗೆ ಹಾಕಬೇಕು. ಒಂದು ಬಿದಿರಿನ ತೊಟ್ಟಿಲು ಆಗಬೇಕಲ್ಲ.”

ವರದಮ್ಮನ ಮುಖ ಬಿಚ್ಚಿತು. ಮೇದಾರರು ತೊಟ್ಟಿಲಿಗೆ ಇಲ್ಲ ಅನ್ನುವುದಿಲ್ಲ. ಮೊದಲ ಕೂಸಿನ ತೊಟ್ಟಿಲು ಕೇಳಿ ಬಂದವರು ಶತ್ರುವಾದರೂ ಹೆಣೆದು ಕೊಡಬೇಕು. ಬೆಲೆ ಹೇಳಬಾರದು. ಕೊಟ್ಟಷ್ಟು ಅಕ್ಕಿ, ಬೆಲ್ಲ. ಇಲ್ಲ ಅಂದ ಮನೆಯ ತೊಟ್ಟಿಲು ತೂಗುವುದಿಲ್ಲ ಎಂಬ ಭಯ ಎಲ್ಲರಿಗೂ ಇತ್ತು. ವರದಮ್ಮನಿಗೆ ಇನ್ನೂ ಮಕ್ಕಳಾಗಿರಲಿಲ್ಲ.

“ಆಗ್ಲಿ ಸ್ವಾಮಿ. ಕೂಸು ತಣ್ಣಗಿರ್ಲಿ.”

“ಒಂದೇ ಮಾತು” ಅಂದರು ಸಾಹೇಬರು. “ಮನೆಯಲ್ಲಿ ಹೇಳಿ ಕಳಿಸಿದ್ದಾರೆ. ಬಿದಿರು ಅಮಾವಾಸ್ಯೆಯ ಎದುರಿಗೆ ಕಡಿದದ್ದೇ ಆಗಬೇಕು. ಬೆಳದಿಂಗಳಲ್ಲಿ ಕಡಿದರೆ ಹುಳ ಬೀಳುತ್ತದಲ್ಲ. ಕೂಸಿನ ಕಿವಿಗೆ ಮೂಗಿಗೆ ಹೋದರೆ ಗತಿ ಏನು? ಈ ಕತ್ತಲಲ್ಲಿ ಎಳೆಯದು ಎರಡು ಗಳ ನೋಡಿ ಕಡಿ. ಚೀಟಿ ಗೀಟಿ ಬೇಡ. ಶೇಷಪ್ಪನಿಗೆ ನಾನೇ ಹೇಳಿದ್ದೇನೆ.”

ವರದಮ್ಮ ಮುಗಿದ ಕೈ ಹಾಗೇ ಇಟ್ಟುಕೊಂಡು ತಲೆ ಎತ್ತಿದಳು.

“ಸ್ವಾಮಿಯೋರಿಗೆ ಗೊತ್ತಿತ್ತಾ?” ಅಂದಳು.

“ಏನು?”

“ಬೆಳದಿಂಗಳ ಬಿದಿರಿಗೆ ಹುಳ ಬೀಳ್ತಾವೆ ಅಂತ.”

ಸಾಹೇಬರು ನಕ್ಕರು. ಒಳ್ಳೆಯ ನಗೆಯೇ. “ಕಾಡಿನಲ್ಲಿ ಹದಿನೆಂಟು ವರ್ಷ ಇದ್ದೇನೆ ಕಣಮ್ಮ. ಅಷ್ಟೂ ಗೊತ್ತಾಗುವುದಿಲ್ಲವೆ?”

“ಮತ್ತೆ ನಮಗೆ ಯಾಕ್ರಿ ಆ ದಿನಾನೇ ಕೊಟ್ರಿ?”

“ಕತ್ತಲಲ್ಲಿ ಬಿಟ್ಟರೆ ನೀವು ಅರವತ್ತಕ್ಕೆ ನೂರು ಹೊಡೆಯುತ್ತೀರಿ. ಕಾಯುವವರು ಯಾರು? ಬೆಳದಿಂಗಳಾದರೆ ರಾತ್ರಿ ಕಡಿದರೂ ದೂರದಿಂದ ಕಾಣುತ್ತದೆ. ಮೇಲಿನವರಿಗೆ ಲೆಕ್ಕ ನಾನು ಕೊಡಬೇಕಲ್ಲ. ನಿನ್ನ ಗಂಡನೇ ಒಮ್ಮೆ ಸಿಕ್ಕಿಬಿದ್ದಿಲ್ಲವೆ?” ಅವರು ಅರ್ಜಿಯ ಮೇಲೆ ಅಂಗೈ ಇಟ್ಟರು. “ಅದೆಲ್ಲ ಇರಲಿ. ತೊಟ್ಟಿಲು ಚೆಂದ ಬರಲಿ. ಆಮೇಲೆ ಇದನ್ನು ನೋಡೋಣ. ನಿನಗೊಬ್ಬಳಿಗೆ ಕತ್ತಲ ಪಕ್ಷ ಮಾಡಿಕೊಡೋಣ.”

ವರದಮ್ಮ ಆ ಅಂಗೈ ನೋಡಿದಳು. ಮೆತ್ತಗಿತ್ತು. ಅದರ ಕೆಳಗೆ ಆನಂದಪ್ಪನ ಕಣಜ ಇತ್ತು, ಸಂತೆ ಇತ್ತು, ಒಲೆ ಇತ್ತು. ಉಜ್ಜಪ್ಪನ ಇಳಿದ ಹೆಗಲು ಇತ್ತು. ಕೇರಿಯ ಉಳಿದ ಹನ್ನೆರಡು ಮನೆಗಳು ಅದರ ಕೆಳಗೆ ಇರಲಿಲ್ಲ. ಅವರು ಮುಂದಿನ ವರ್ಷವೂ ಸಿಹಿ ಬಿದಿರೇ ಕಡಿಯಬೇಕು.

“ಮನೇಲಿ ನೀವು ಕೊಟ್ಟ ಬಿದಿರು, ಹಿಟ್ಟಾಗ್ದೆ ಉಳಿದಿದ್ದು, ಇನ್ನೂ ನಾಲ್ಕು ಗಳ ಐತೆ ಸ್ವಾಮಿ” ಅಂದಳು. “ಪರ್ಮಿಟ್ಟಿನದು. ಅದ್ರಾಗೆ ಹೆಣ್ಕೊಡ್ಲಾ?”

ಸಾಹೇಬರ ನಗೆ ನಿಂತಿತು. “ಹುಳ ಹಿಡಿದದ್ದರಲ್ಲಾ? ತಲೆ ನೆಟ್ಟಗಿದೆಯಾ ನಿನಗೆ? ಮಗು ಮಲಗುವ ತೊಟ್ಟಿಲು ಅದು.”

“ನಾವು ಉಣ್ಣೋ ಅನ್ನ ಆ ಬಿದಿರು.”

ಶೇಷಪ್ಪ ಬಾಗಿಲಿಂದ ಎರಡು ಹೆಜ್ಜೆ ಮುಂದೆ ಬಂದ. “ಏ, ಸಾಹೇಬ್ರ ಎದುರಿಗೆ ಏನು ಮಾತಾಡ್ತೀ? ಕೈ ಮುಗ್ದು ಹೂಂ ಅನ್ನು.”

ಸಾಹೇಬರು ಕೈ ಎತ್ತಿ ಅವನನ್ನು ತಡೆದರು. ದನಿ ಮತ್ತೆ ಮೆಲ್ಲಗಾಯಿತು. ಮೊದಲಿಗಿಂತ ಮೆಲ್ಲಗೆ.

“ನೋಡಮ್ಮ. ಎಳೆಗೂಸಿನ ಕೆಲಸ. ಇದಕ್ಕೆ ಇಲ್ಲ ಅಂದರೆ ನಿಮ್ಮಲ್ಲೇ ಒಳ್ಳೆಯದಲ್ಲವಂತೆ. ನನಗೆ ಇನ್ನೊಂದು ಮಾತು ಹೇಳಲಿಕ್ಕೆ ಇಷ್ಟ ಇಲ್ಲ. ಕೇಳುತ್ತಿದ್ದೇನೆ. ಹೆಣೆದು ಕೊಡುತ್ತೀಯೋ ಇಲ್ಲವೋ?”

ವರದಮ್ಮ ಶಿವನೇ ಎಂದು ಒಳಗೆ ಅಂದುಕೊಂಡಳು. ಮುಗಿದಿದ್ದ ಕೈಗಳನ್ನು ಬಿಡಿಸಿ ಕೆಳಗೆ ಬಿಟ್ಟಳು.

“ಇಲ್ಲ. ಹೆಣೆಯಲ್ಲ.”